ಅಜ್ಜನ ಹೆಗಲಲ್ಲಿ ಕೋವಿ ಯಾಕೆ? ಚಿಕ್ಕ ಮಕ್ಕಳಿಗೆ ಹೇಳುವ ಬಗೆ

ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್ ಪೊಳ್ದ್, ಅಂದರೆ ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ನಾಟಿ ಕೆಲಸ ಮುಗಿದಿರುತ್ತದೆ. ಬೀರುವಿನಲ್ಲಿದ್ದ ಕೋವಿ ಹೊರಗೆ ಬರುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಡಿಕತ್ತಿ, ಪೀಚೆಕತ್ತಿಗಳ ಪಕ್ಕ ಇಟ್ಟು, ನಳಿಗೆಗೆ ಕೆಂಪು ಹಳದಿ ಬಣ್ಣದ ತೋಕ್‌ಪೂ ಎನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಾಲ್ಕು ವರ್ಷದ ಮಗು ಅದನ್ನೇ ನೋಡುತ್ತಾ ನಿಂತು ಕೇಳುತ್ತದೆ, "ಅಜ್ಜ, ಇದ್ರಲ್ಲಿ ಯಾರಿಗೆ ಹೊಡೆಯೋದು?" ಎಲ್ಲರೂ ನಗುತ್ತಾರೆ. ಯಾರೋ ಒಬ್ಬರು "ಹಠ ಮಾಡೋರಿಗೆ" ಎನ್ನುತ್ತಾರೆ.

ಆ ಉತ್ತರ ಬೇಡ. ಅದರ ಬದಲು ಏನು ಹೇಳಬಹುದು ಎನ್ನುವುದಕ್ಕೇ ಈ ಲೇಖನ.

ಕೋವಿ ಇರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಸಿಕ್ಕ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಮಲೆನಾಡು, ಕರಾವಳಿಯ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಮಾಡಿಸಿಕೊಂಡ ಕೋವಿಗಳಿವೆ. ಇನ್ನು ಪೊಲೀಸರು, ಸೈನಿಕರು, ಬ್ಯಾಂಕಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಕಾವಲುಗಾರರು ಎಲ್ಲ ಊರಲ್ಲೂ ಇದ್ದಾರೆ. ಹಾಗಾಗಿ ಈ ಪ್ರಶ್ನೆ ಎಲ್ಲ ಮನೆಗೂ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ನಾನು ಕೊಡಗಿನವಳು. ಒಂದನೇ, ಎರಡನೇ ತರಗತಿಯ ಮಕ್ಕಳ ಟೀಚರ್. ಮೂರರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೋವಿಗೆ ಎಷ್ಟು ಬಲ ಇದೆ ಅಂತ ಈ ಮಕ್ಕಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಟಿವಿ, ಮೊಬೈಲ್ ಅದನ್ನು ಹೇಳಿಯಾಗಿದೆ. ಕೋವಿ ಹಿಡಿದವರ ಕೈ ಎಷ್ಟು ಕಟ್ಟಿದೆ, ಅವರು ಯಾರಿಗೆ ಲೆಕ್ಕ ಕೊಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಾವು.

1. ಮೊದಲು ಬೀಗ, ಆಮೇಲೆ ಮಾತು

ನಿಮ್ಮ ಮನೆಯಲ್ಲೇ ಕೋವಿ ಇದ್ದರೆ ಮಗುವಿನ ಹತ್ತಿರ ಮಾತು ಶುರು ಮಾಡುವ ಮುಂಚೆ ಒಂದು ಕೆಲಸ ಮುಗಿಸಿ. ಕೋವಿ ಬೀಗ ಹಾಕಿದ ಬೀರುವಿನಲ್ಲಿರಬೇಕು, ಖಾಲಿ ಇರಬೇಕು. ತೋಟೆಗಳು ಬೇರೆ ಕಡೆ, ಬೇರೆ ಬೀಗದಲ್ಲಿ ಇರಬೇಕು. ನಳಿಗೆಗೆ ಮದ್ದು ತುಂಬಿ ಹಾರಿಸುವ ಕೇಪಿನ ಕೋವಿಯಾದರೆ ಮದ್ದು, ಕೇಪು ಎರಡೂ ಬೇರೆ ಕಡೆ. ಎರಡು ಬೀಗದ ಕೀ ಒಂದೇ ಗೊಂಚಲಲ್ಲಿ ಬೇಡ. ಆ ಗೊಂಚಲನ್ನು ದೇವರ ಫೋಟೋ ಹಿಂದೆ ಇಡುವುದಂತೂ ಬೇಡವೇ ಬೇಡ. ಮನೆಯ ದೊಡ್ಡವರು ಏನನ್ನು ಎಲ್ಲಿ ಬಚ್ಚಿಡುತ್ತಾರೆ ಅಂತ ಐದು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ.

"ನಮ್ಮ ಮಕ್ಕಳಿಗೆ ಹೇಳಿದ್ದೀವಿ, ಅವರು ಮುಟ್ಟಲ್ಲ" ಎನ್ನುವವರು ಜಾಸ್ತಿ. ಅಮೆರಿಕದ ಅಟ್ಲಾಂಟಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಅವರಿಗಾಗಿ ಹೇಳುತ್ತೇನೆ. ಎಂಟರಿಂದ ಹನ್ನೆರಡು ವರ್ಷದ ಹುಡುಗರನ್ನು ಇಬ್ಬಿಬ್ಬರು, ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಅಲ್ಲಿನ ಒಂದು ಡ್ರಾಯರ್‌ನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು ಇತ್ತು. ಒಟ್ಟು 64 ಹುಡುಗರು. 48 ಮಂದಿಗೆ ಪಿಸ್ತೂಲು ಸಿಕ್ಕಿತು, 30 ಮಂದಿ ಕೈಗೆ ತೆಗೆದುಕೊಂಡರು, 16 ಮಂದಿ ಕುದುರೆ ಎಳೆದೇಬಿಟ್ಟರು. ಹೀಗೆ ಮುಟ್ಟಿದವರಲ್ಲಿ ಹೆಚ್ಚಿನವರಿಗೆ ಬಂದೂಕಿನ ಎಚ್ಚರಿಕೆಯ ಪಾಠ ಮೊದಲೇ ಆಗಿತ್ತು. ಅವರು ಕೆಟ್ಟ ಮಕ್ಕಳಲ್ಲ. ಮಕ್ಕಳು, ಅಷ್ಟೇ. ಮಾತು ಬೀಗದ ಕೆಲಸ ಮಾಡುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಕಡೆಯದೇ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದ ಮೇಲೆ ಮೈದಾನದಲ್ಲಿ ಬಿದ್ದ ಖಾಲಿ ತೋಟೆಗಳನ್ನು ಮಕ್ಕಳು ಆರಿಸಿಕೊಂಡು ಬರುತ್ತಾರೆ. ಕೆಂಪು, ಹಸಿರು ಬಣ್ಣದ ಕೊಳವೆ, ತಳದಲ್ಲಿ ಹೊಳೆಯುವ ಹಿತ್ತಾಳೆ. ನೋಡಲು ಚಂದ. ಪೆನ್ಸಿಲ್ ಮೂತಿಗೆ ಸಿಕ್ಕಿಸಿಕೊಂಡು ಶಾಲೆಗೆ ತರುವವರೂ ಇದ್ದಾರೆ. ಖಾಲಿ ಯಾವುದು, ತುಂಬಿದ್ದು ಯಾವುದು ಅಂತ ಮಗುವಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಖಾಲಿಯೂ ಆಟದ ಸಾಮಾನಲ್ಲ ಅನ್ನುವುದು ನಿಯಮವಾಗಲಿ. ಸ್ಪರ್ಧೆ ನಡೆಸುವವರು ಮೈದಾನ ಗುಡಿಸಿಯೇ ಹೋಗಲಿ. ತೋಕ್‌ಪೂವನ್ನು ಬಾಯಿಗೆ ಹಾಕಬಾರದು ಎಂದೂ ಹಬ್ಬದ ದಿನವೇ ಹೇಳಿಬಿಡಿ. ಆ ಗಿಡದ ಗಡ್ಡೆಯಿಂದ ಹಿಡಿದು ಹೂವಿನವರೆಗೆ ಎಲ್ಲವೂ ವಿಷ.

2. ಕೋವಿಯನ್ನು ಗುಮ್ಮ ಮಾಡಬೇಡಿ

ಊಟ ಮಾಡದಿದ್ದರೆ ಪೊಲೀಸ್ ಮಾಮನಿಗೆ ಹಿಡಿದುಕೊಡ್ತೀನಿ. ಅಳು ನಿಲ್ಲಿಸದಿದ್ದರೆ ಆ ಅಂಕಲ್ ಗನ್ ತೆಗೀತಾರೆ ನೋಡು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮದುವೆ ಮನೆಯಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಹೇಳುವವರಿಗೆ ಕೆಟ್ಟ ಉದ್ದೇಶ ಏನೂ ಇಲ್ಲ. ಮಗು ಒಂದು ತುತ್ತು ಜಾಸ್ತಿ ತಿನ್ನಲಿ ಅಂತ ಅಷ್ಟೇ.

ಮಗು ಮಾತ್ರ ಅದರಿಂದ ಎರಡು ಪಾಠ ಕಲಿಯುತ್ತದೆ. ಕೋವಿ ಇರುವುದು ಮಾತು ಕೇಳದವರಿಗೆ ಹೊಡೆಯಲು ಅನ್ನುವುದು ಒಂದು. ಪೊಲೀಸರ ಹತ್ತಿರ ಹೋಗಬಾರದು ಅನ್ನುವುದು ಇನ್ನೊಂದು. ದಸರಾ ಜಾತ್ರೆಯ ಜನಜಂಗುಳಿಯಲ್ಲಿ ಕೈತಪ್ಪಿ ಹೋದ ಮಗು ಖಾಕಿ ಕಂಡ ಕೂಡಲೇ ಅಡಗಿಕೊಂಡರೆ ಅದನ್ನು ಹುಡುಕುವುದು ಹೇಗೆ? ಆ ಮಗುವಿಗೆ ಅಲ್ಲಿ ಸಿಗಬಹುದಾದ ನಂಬಿಕೆಯ ಮನುಷ್ಯರೇ ಅವರು.

ಮನೆಯಲ್ಲಿ ಎಲ್ಲರೂ ಸೇರಿ ಒಂದು ಮಾತಿಗೆ ಬನ್ನಿ. ಪೊಲೀಸ್, ಕೋವಿ, ಗುಂಡು, ಜೈಲು ಈ ನಾಲ್ಕನ್ನು ಹೇಳಿ ಮಗುವನ್ನು ಹೆದರಿಸುವಂತಿಲ್ಲ. ಅಜ್ಜ ಅಜ್ಜಿಗೂ ಇದೇ ನಿಯಮ. ಅವರಿಗೆ ಹೇಳುವಾಗ ಗದರಬೇಡಿ. "ಹೆದರಿಕೊಂಡರೆ ರಾತ್ರಿ ನಿದ್ದೆ ಮಾಡಲ್ಲ ಅತ್ತೆ, ಈ ಮಾತು ಬೇಡ" ಅಂದರೆ ಅವರಿಗೆ ಅರ್ಥವಾಗುತ್ತದೆ.

3. ಮಗು ಏನು ಕೇಳುತ್ತಿದೆ ಅಂತ ನೋಡಿ

"ಅವರ ಹತ್ತಿರ ಗನ್ ಯಾಕಿದೆ?" ಅನ್ನುವ ಪ್ರಶ್ನೆಯೊಳಗೆ ಬೇರೆ ಬೇರೆ ಪ್ರಶ್ನೆ ಇರಬಹುದು. ಇಲ್ಲಿ ಕಳ್ಳರು ಬರ್ತಾರಾ? ಅವರು ನಮಗೂ ಹೊಡೀತಾರಾ? ನನಗೂ ಒಂದು ಕೊಡಿಸ್ತೀಯಾ? ಉತ್ತರ ಶುರು ಮಾಡುವ ಮುಂಚೆ "ನಿಂಗೇನು ಅನ್ಸುತ್ತೆ ಪುಟ್ಟ?" ಅಂತ ಒಂದು ಸಲ ಕೇಳಿ. ಮಗುವಿನ ಬಾಯಿಂದ ಬರುವ ಮೊದಲ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ. ಹೆದರಿಕೆಯಿದ್ದರೆ ಹತ್ತಿರ ಕರೆದು ಕೂರಿಸಿಕೊಂಡು ಮಾತಾಡಿ. ಬರೀ ಕುತೂಹಲವಾದರೆ ನಿಂತಲ್ಲೇ ಎರಡು ಮಾತು ಸಾಕು.

4. ಉತ್ತರದಲ್ಲಿ ಮೂರು ವಿಷಯ ಇರಲಿ

ಇವರು ಯಾರು, ಇವರ ಕೆಲಸ ಏನು, ಇವರು ಯಾರ ಮಾತು ಮೀರುವಂತಿಲ್ಲ. ಮೊದಲ ಎರಡನ್ನು ಎಲ್ಲರೂ ಹೇಳುತ್ತಾರೆ. ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಮಗುವಿಗೆ ಧೈರ್ಯ ಬರುವುದು ಮೂರನೆಯದರಿಂದಲೇ. ನಿಯಮ ಅಂದರೆ ಏನು ಅಂತ ಅವಕ್ಕೆ ಚೆನ್ನಾಗಿ ಗೊತ್ತು. ದಿನವಿಡೀ ನಿಯಮದೊಳಗೇ ಬದುಕುತ್ತವೆ, ಪಾಪ. ಕೋವಿ ಹಿಡಿದ ದೊಡ್ಡವರಿಗೂ ನಿಯಮ ಇದೆ ಅಂತ ತಿಳಿದಾಗ ಮುಖದಲ್ಲಿ ಒಂದು ಸಮಾಧಾನ ಕಾಣುತ್ತದೆ.

ಬ್ಯಾಂಕಿನ ಕಾವಲುಗಾರರ ಬಗ್ಗೆ: "ಅವರು ಬ್ಯಾಂಕ್ ಕಾಯೋರು. ತುಂಬಾ ಜನರ ದುಡ್ಡು ಒಳಗಿದೆ. ಅವರ ಕೈಯಲ್ಲಿ ಕೋವಿ ಇದ್ರೆ ಕಳ್ಳರು ಬರೋಕೆ ಹಿಂದೆಮುಂದೆ ನೋಡ್ತಾರೆ. ಸುಮ್ಸುಮ್ನೆ ಹೊಡೆಯೋ ಹಾಗಿಲ್ಲ. ಹೊಡೆದ್ರೆ ಅವರನ್ನೇ ಪೊಲೀಸರು ಕೇಳ್ತಾರೆ." ಇವರಲ್ಲಿ ಎಷ್ಟೋ ಮಂದಿ ಸೇನೆಯಿಂದ ನಿವೃತ್ತರಾಗಿ ಬಂದವರು. ಕೆಲಸಕ್ಕೆ ಅಡ್ಡಿಯಾಗದಿದ್ದರೆ ಮಗುವಿನ ಕೈಲಿ ಒಂದು ನಮಸ್ಕಾರ ಹೇಳಿಸಿ. ಅವರು ನಕ್ಕು ತಲೆ ಆಡಿಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಕೋವಿ ಮುಟ್ಟಿ ನೋಡಲು ಮಾತ್ರ ಕೇಳಬೇಡಿ, ಅವರಾಗಿ ಕರೆದರೂ ಬೇಡ.

ಪೊಲೀಸರ ಬಗ್ಗೆ: "ಎಲ್ಲ ಪೊಲೀಸರ ಹತ್ರ ಪಿಸ್ತೂಲು ಇರಲ್ಲ. ಟ್ರಾಫಿಕ್‌ನಲ್ಲಿ ನಿಂತಿರ್ತಾರಲ್ಲ, ಅವರ ಕೈಯಲ್ಲಿ ಏನೂ ಇಲ್ಲ ನೋಡು. ಪಿಸ್ತೂಲು ಕೊಟ್ಟಿರೋರಿಗೆ ಎಷ್ಟು ಗುಂಡು ಕೊಟ್ಟಿದೀವಿ ಅಂತ ಬರೆದಿಟ್ಟಿರ್ತಾರೆ. ಒಂದು ಗುಂಡು ಕಡಿಮೆ ಆದ್ರೂ ಯಾಕೆ ಅಂತ ಹೇಳ್ಬೇಕು." ಈ ಲೆಕ್ಕದ ಮಾತು ಆರೇಳು ವರ್ಷದವರಿಗೆ ತುಂಬಾ ಹಿಡಿಸುತ್ತದೆ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ದೊಡ್ಡ ಬಂದೂಕು ಹಿಡಿದ ಸಿಐಎಸ್‌ಎಫ್ ಜವಾನರು, ಮಂತ್ರಿಗಳ ಹಿಂದೆ ನಿಲ್ಲುವ ಗನ್‌ಮ್ಯಾನ್‌ಗಳು ಇವರ ಬಗ್ಗೆಯೂ ಇದೇ ರೀತಿ. ಜಾಸ್ತಿ ವಿವರ ಬೇಡ. "ಬಾಂಬ್ ಇಡ್ತಾರೆ, ಅದಕ್ಕೆ" ಎನ್ನುವುದು ನಿಜವೇ ಇರಬಹುದು. ಆದರೆ ಐದು ನಿಮಿಷದಲ್ಲಿ ವಿಮಾನ ಹತ್ತಬೇಕಾದ ಮಗುವಿಗೆ ಆ ನಿಜವನ್ನು ಅವತ್ತೇ ಹೇಳಬೇಕಾಗಿಲ್ಲ ಅಲ್ವಾ?

ಈಗ ಮನೆಯ ಅಜ್ಜನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮಗು ಪ್ರೀತಿಸುವ ಮನುಷ್ಯನ ಕೈಯಲ್ಲೇ ಕೋವಿ ಇದೆ.

ಮಲೆನಾಡಿನಲ್ಲಿ ಭತ್ತ ತೆನೆ ಕಟ್ಟಿದ ಮೇಲೆ ರಾತ್ರಿ ಮಾಳ ಕಾಯಲು ಹೋಗುವವರು ಕೋವಿ ಒಯ್ಯುತ್ತಾರೆ. ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಗದ್ದೆ ನೆಲಸಮ. "ಅಜ್ಜ ಗದ್ದೆ ಕಾಯೋಕೆ ಹೋಗ್ತಾರೆ. ಹಂದಿ ಬಂದ್ರೆ ಆಕಾಶಕ್ಕೆ ಒಂದು ಗುಂಡು ಹಾರಿಸಿದ್ರೆ ಸದ್ದಿಗೆ ಓಡಿಹೋಗ್ತವೆ. ಅಜ್ಜನ ಕೋವಿಗೆ ಒಂದು ಪುಸ್ತಕ ಇದೆ, ಅದನ್ನ ಸರ್ಕಾರ ಕೊಟ್ಟಿರೋದು. ಆ ಪುಸ್ತಕ ಇಲ್ದೆ ಕೋವಿ ಇಟ್ಕೊಳ್ಳೋ ಹಾಗಿಲ್ಲ. ಎಲೆಕ್ಷನ್ ಬಂದ್ರೆ ಪೊಲೀಸ್ ಸ್ಟೇಷನ್‌ಗೆ ಕೊಟ್ಟು ಬರ್ಬೇಕು." ಈ ಕೊನೆಯ ಮಾತನ್ನು ಬಿಡಬೇಡಿ. ಪ್ರತಿ ಚುನಾವಣೆಗೂ ಅಜ್ಜ ಕೋವಿ ಹೆಗಲಿಗೇರಿಸಿ ಠಾಣೆಗೆ ಹೋಗಿ ಚೀಟಿ ಪಡೆದು ಬರುವುದನ್ನು ಮಗು ಕಣ್ಣಾರೆ ಕಂಡಿರುತ್ತದೆ. ಅಜ್ಜನೂ ಇನ್ನೊಬ್ಬರ ಮಾತು ಕೇಳಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಸಾಧ್ಯವಾದರೆ ಪರವಾನಗಿ ಪುಸ್ತಕವನ್ನೇ ತೆಗೆದು ತೋರಿಸಿ. ಅಜ್ಜನ ಫೋಟೋ, ಕೋವಿಯ ನಂಬರು, ಮೊಹರು. ಮಗು ಕೋವಿಗಿಂತ ಜಾಸ್ತಿ ಹೊತ್ತು ಅದನ್ನು ನೋಡುತ್ತದೆ.

ಕೊಡಗಿನ ಮನೆಗಳಲ್ಲಿ ವಿನಾಯಿತಿ ಪತ್ರ ಇರುತ್ತದೆ, ಅದನ್ನು ತೋರಿಸಬಹುದು. ಜೊತೆಗೆ ಹಿರಿಯರ ಮಾತು: "ಇದು ನಮ್ಮ ಮುತ್ತಜ್ಜನ ಕಾಲದಿಂದ ಮನೇಲಿದೆ. ಕೈಲ್ ಪೊಳ್ದ್‌ಗೆ ಪೂಜೆ ಮಾಡ್ತೀವಿ, ಹೊಸ ಅಕ್ಕಿಯ ಹಬ್ಬ ಪುತ್ತರಿಗೆ ಕದಿರು ತೆಗೆಯೋವಾಗ ಒಂದು ಗುಂಡು ಹಾರಿಸ್ತೀವಿ. ಪೂಜೆ ಮಾಡೋ ವಸ್ತೂನ ಯಾರ ಕಡೆಗೂ ತಿರುಗಿಸಬಾರದು." ಪರಂಪರೆಯ ಹೆಮ್ಮೆ ಹೇಳುವುದು ತಪ್ಪಲ್ಲ. ನನಗೂ ಆ ಹೆಮ್ಮೆ ಇದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಊರು ನಮ್ಮದು. ಆದರೆ ಹೆಮ್ಮೆಯನ್ನು ಮಾತ್ರ ಹೇಳಿ ಕಟ್ಟುಪಾಡನ್ನು ನುಂಗಿಕೊಂಡರೆ "ಕೋವಿ ಇದ್ದವನೇ ಗಂಡಸು" ಅನ್ನುವ ಮಾತು ಏಳು ವರ್ಷದ ಹುಡುಗನ ತಲೆಯಲ್ಲಿ ಕೂತುಬಿಡುತ್ತದೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳೂ ನಿಲ್ಲುತ್ತಾರೆ. ಗಂಡುಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನೂ ತೋರಿಸಿ.

ಬೇಟೆಯ ಮಾತು ಬಂದೇ ಬರುತ್ತದೆ. ಗೋಡೆಯ ಮೇಲೆ ಹಳೆಯ ಕಡವೆ ಕೊಂಬು ಇರುವ ಮನೆಗಳಲ್ಲಂತೂ ತಪ್ಪಿದ್ದಲ್ಲ. "ಹಿಂದೆ ಬೇಟೆ ಆಡ್ತಿದ್ರು. ಈಗ ಆಡೋ ಹಾಗಿಲ್ಲ, 1972ರಿಂದ ಕಾನೂನು ಇದೆ. ಕಾಡುಪ್ರಾಣಿನ ಕೊಂದ್ರೆ ಜೈಲು." ಇಲ್ಲಿ ಜೈಲಿನ ಮಾತು ಬೆದರಿಕೆಯಲ್ಲ, ಮಾಹಿತಿ. ಆದರೆ ಮನೆಯವರು ಕದ್ದು ಬೇಟೆಗೆ ಹೋಗುತ್ತಿದ್ದರೆ ಈ ಉತ್ತರಕ್ಕೆ ಬೆಲೆ ಇಲ್ಲ. ಹಂದಿ ಅಂದುಕೊಂಡು ಜೊತೆಗೆ ಬಂದವನಿಗೇ ಗುಂಡು ಹೊಡೆದ ಸುದ್ದಿಯನ್ನು ನಾವು ಆಗಾಗ ಓದುತ್ತಲೇ ಇರುತ್ತೇವೆ. ಮಕ್ಕಳಿಗಾಗಿ ಬಿಡಬೇಕಾದ ಚಟಗಳಲ್ಲಿ ಇದು ಮೊದಲನೆಯದು.

5. ಸದ್ದಿಗೆ ಮಗುವನ್ನು ಮೊದಲೇ ಸಿದ್ಧ ಮಾಡಿ

ಪುತ್ತರಿ ರಾತ್ರಿ ಗದ್ದೆಯಲ್ಲಿ "ಪೊಲಿ ಪೊಲಿಯೇ ದೇವಾ" ಎಂದು ಕೂಗುವಾಗ ಪಕ್ಕದಲ್ಲೇ ಗುಂಡು ಹಾರಿದರೆ ದೊಡ್ಡವರೇ ಬೆಚ್ಚುತ್ತಾರೆ. ತೂಕಡಿಸುತ್ತಿದ್ದ ಮೂರು ವರ್ಷದ ಮಗುವಿನ ಕಥೆ ಕೇಳಬೇಕೇ? ಸಂಜೆಯೇ ಹೇಳಿಡಿ: "ಇವತ್ತು ರಾತ್ರಿ ಡಂ ಅಂತ ಜೋರು ಸದ್ದು ಬರುತ್ತೆ. ಹೊಸ ಅಕ್ಕಿ ಬಂತು ಅಂತ ಊರಿಗೆಲ್ಲ ಹೇಳೋ ಸದ್ದು ಅದು. ಆಗ ನಾವಿಬ್ರೂ ಕಿವಿ ಮುಚ್ಕೊಳ್ಳೋಣ." ಹಾರಿಸುವವರಿಂದ ದೂರ ನಿಲ್ಲಿ, ಹಾರಿಸುವ ಮುಂಚೆ ಮಗುವಿನ ಕಿವಿಯನ್ನು ನೀವೇ ಮುಚ್ಚಿ. ಹತ್ತಿರದ ಗುಂಡಿನ ಸದ್ದು ಕಿವಿಗೆ ನಿಜಕ್ಕೂ ಪೆಟ್ಟು ಕೊಡುತ್ತದೆ.

ಸಾವಿನ ಗುಂಡು ಬೇರೆ. ಕೊಡವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುವ ಪದ್ಧತಿ. ಮಗು ಹುಟ್ಟಿದರೆ ಒಂದೇ ಗುಂಡು. ಫೋನ್ ಇಲ್ಲದ ಕಾಲದಲ್ಲಿ ಗುಡ್ಡದಾಚೆಯ ಮನೆಗಳಿಗೆ ಸುದ್ದಿ ಹೋಗುತ್ತಿದ್ದದ್ದು ಹೀಗೆ. ಈ ಮಾತನ್ನು ಹೇಳಿಕೊಡದಿದ್ದರೆ ಮಗು ಬೇರೆಯೇ ಲೆಕ್ಕ ಹಾಕುತ್ತದೆ. ಗುಂಡಿನ ಸದ್ದು ಕೇಳಿತು, ಅಜ್ಜಿ ಸತ್ತರು. ಹಾಗಾದರೆ ಗುಂಡು ಹೊಡೆದೇ ಅಜ್ಜಿಯನ್ನು ಸಾಯಿಸಿದರಾ? ಚಿಕ್ಕವರಿಗೆ ಹಿಂದೆ ಮುಂದೆ ಕೂಡಿಸುವುದು ಹೀಗೇ. ಸತ್ತವರು ತಿರುಗಿ ಬರುವುದಿಲ್ಲ ಅನ್ನುವುದೇ ಐದಾರು ವರ್ಷದವರೆಗೆ ಸರಿಯಾಗಿ ತಿಳಿಯುವುದಿಲ್ಲ. ಅಂಥ ದಿನ ಮನೆಯಲ್ಲಿ ಗಲಾಟೆ, ಅಳು. ಯಾರಿಗೂ ಮಗುವಿನ ಕಡೆ ಗಮನ ಇರುವುದಿಲ್ಲ. ಒಬ್ಬರು ಅದನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಲಿ: "ಅಜ್ಜಿಗೆ ತುಂಬಾ ವಯಸ್ಸಾಗಿತ್ತು, ಹುಷಾರಿರಲಿಲ್ಲ, ಅದಕ್ಕೆ ತೀರಿಕೊಂಡ್ರು. ಆಮೇಲೆ ಎಲ್ಲರಿಗೂ ಗೊತ್ತಾಗ್ಲಿ ಅಂತ ಆಕಾಶಕ್ಕೆ ಹಾರಿಸಿದ್ದು." ಮೊದಲು ಸಾವು, ಆಮೇಲೆ ಸದ್ದು. ಈ ಕ್ರಮವನ್ನು ಎರಡು ಮೂರು ಸಲ ಹೇಳಬೇಕಾಗಬಹುದು. ಬೇಜಾರು ಮಾಡಿಕೊಳ್ಳದೆ ಹೇಳಿ.

ಮದುವೆಯಲ್ಲಿ, ಮೆರವಣಿಗೆಯಲ್ಲಿ ಗತ್ತಿಗೆಂದು ಗುಂಡು ಹಾರಿಸುವುದು ಬೇರೆಯೇ ವಿಷಯ. ಜನರ ಜೀವಕ್ಕೆ ಅಪಾಯವಾಗುವಂತೆ ಹಾಗೆ ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂಥ ಕಡೆ ಮಗುವನ್ನು ಎತ್ತಿಕೊಂಡು ಹೊರಟುಬಿಡಿ. "ಅವರು ಮಾಡ್ತಿರೋದು ತಪ್ಪು, ಅದಕ್ಕೆ ಹೊರಟ್ವಿ" ಅಂತ ಮಗುವಿಗೆ ಕಾರಣವನ್ನೂ ಹೇಳಿ. ನೆಂಟರು ಏನಂದುಕೊಳ್ಳುತ್ತಾರೋ ಅನ್ನುವುದು ಆಮೇಲಿನ ಮಾತು.

6. ಕಷ್ಟದ ಪ್ರಶ್ನೆ ಬಂದಾಗ

"ಅಪ್ಪ, ನೀನು ಯಾರನ್ನಾದ್ರೂ ಸಾಯಿಸಿದ್ದೀಯಾ?" ಸೈನಿಕರ, ಪೊಲೀಸರ ಮಕ್ಕಳು ಒಂದು ದಿನ ಕೇಳಿಯೇ ಕೇಳುತ್ತಾರೆ. ಇಲ್ಲ ಎನ್ನುವುದು ನಿಜವಾದರೆ ಇಲ್ಲ ಎಂದುಬಿಡಿ. ಹೌದಾದರೆ ಸುಳ್ಳು ಬೇಡ, ವಿವರವೂ ಬೇಡ. "ಅದು ನಾನು ಮಾತಾಡೋಕೆ ಇಷ್ಟಪಡದ ವಿಷಯ ಮಗಾ. ನೀನು ದೊಡ್ಡವನಾದ ಮೇಲೆ ಹೇಳ್ತೀನಿ. ನನ್ನ ಕೆಲಸ ಜನರನ್ನ ಕಾಯೋದು." ಇಷ್ಟು ಹೇಳಿ ಸುಮ್ಮನೆ ಅವನ ಜೊತೆ ಕೂತಿರಿ, ಎದ್ದು ಹೋಗಬೇಡಿ. ಎದ್ದು ಹೋದರೆ ಕೇಳಬಾರದ್ದನ್ನು ಕೇಳಿದೆ ಅಂದುಕೊಳ್ಳುತ್ತಾನೆ, ಮುಂದೆ ಬೇರೆ ಏನನ್ನೂ ಕೇಳುವುದಿಲ್ಲ.

"ಅಪ್ಪನಿಗೆ ಯಾರಾದ್ರೂ ಗುಂಡು ಹೊಡೀತಾರಾ?" ಇದು ಅಮ್ಮನ ಹತ್ತಿರ, ರಾತ್ರಿ ಮಲಗುವಾಗ ಬರುವ ಪ್ರಶ್ನೆ. "ಏನೂ ಆಗಲ್ಲ" ಎಂದು ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. "ಅಪ್ಪ ಹುಷಾರಾಗಿರೋಕೆ ಕಲ್ತಿದ್ದಾರೆ. ಅವರ ಜೊತೆ ತುಂಬಾ ಜನ ಇದ್ದಾರೆ. ಒಬ್ಬರನ್ನೊಬ್ಬರು ನೋಡ್ಕೊಳ್ತಾರೆ" ಎನ್ನಿ. ಇದೆಲ್ಲ ನಿಜ, ಮಗುವಿಗೆ ಇಷ್ಟು ಸಾಕು.

"ನಂಗೆ ಯಾವಾಗ ಕೊಡ್ತೀರಾ?" ಎಂದರೆ ನಗಬೇಡಿ. "ದೊಡ್ಡವರಾಗಿ, ಕಲಿತು, ಸರ್ಕಾರದ ಕಾಗದ ಸಿಕ್ಕ ಮೇಲೆ. ಅಲ್ಲಿವರೆಗೆ ಮುಟ್ಟೋ ಹಾಗಿಲ್ಲ." ಫೋಟೋಗೆಂದು ಮಗುವಿನ ಕೈಗೆ ಕೋವಿ ಕೊಟ್ಟು ನಿಲ್ಲಿಸುವುದನ್ನು ಬಿಟ್ಟುಬಿಡಿ. ಹಬ್ಬದ ದಿನದ ಆ ಒಂದು ಫೋಟೋ ವರ್ಷವಿಡೀ ಹೇಳಿದ್ದನ್ನೆಲ್ಲ ಅಳಿಸಿಹಾಕುತ್ತದೆ.

7. ಆಟದ ಪಿಸ್ತೂಲು

ದೀಪಾವಳಿಗೆ ಕೇಪು ಹೊಡೆಯುವ ಪಿಸ್ತೂಲು ಕೊಡಿಸುವುದೋ ಬೇಡವೋ ಅದು ನಿಮಗೆ ಬಿಟ್ಟದ್ದು. ಕೊಡಿಸದಿದ್ದರೂ ಮಕ್ಕಳು ಕೋಲನ್ನೋ ಬೆರಳನ್ನೋ ಪಿಸ್ತೂಲು ಮಾಡಿಕೊಳ್ಳುತ್ತಾರೆ. ಅದಕ್ಕೆ ಗದರುವುದು ಬೇಡ. ಆದರೆ ಕೋವಿ ಇರುವ ಮನೆಯಲ್ಲಿ ನಿಜವಾದದ್ದರಂತೆ ಕಾಣುವ ಕಪ್ಪು ಬಣ್ಣದ ಆಟಿಕೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಗುವಿನ ಕಣ್ಣಿಗೆ ಎರಡೂ ಒಂದೇ. ಬಣ್ಣಬಣ್ಣದ್ದಿರಲಿ. ಮನುಷ್ಯರ ಮುಖಕ್ಕೆ, ನಾಯಿ ಬೆಕ್ಕಿಗೆ ಗುರಿಯಿಡುವಂತಿಲ್ಲ. ಗುರಿ ಬೇಕಾದರೆ ಡಬ್ಬಿ ಇಟ್ಟುಕೊಡಿ.

8. ಕೋವಿ ಕಣ್ಣಿಗೆ ಬಿದ್ದರೆ ಏನು ಮಾಡಬೇಕು

ನಿಲ್ಲು. ಮುಟ್ಟಬೇಡ. ದೂರ ಹೋಗು. ದೊಡ್ಡವರಿಗೆ ಹೇಳು.

ಇದನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಆಡಿಸಬೇಕು. ಚಾಪೆ ಕೆಳಗೆ ಒಂದು ಆಟಿಕೆ ಪಿಸ್ತೂಲು ಇಡಿ. ಮಗು ಅದನ್ನು ಕಂಡು, ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, ಕೋಣೆಯಿಂದ ಆಚೆ ಬಂದು "ಅಮ್ಮಾ, ಚಾಪೆ ಕೆಳಗೆ ಕೋವಿ ಇದೆ" ಎನ್ನಬೇಕು. ಅದಾದ ಮೇಲೆ ಬೇರೆ ಜಾಗದಲ್ಲಿ ಇಡಿ. ಸ್ವಲ್ಪ ದಿನ ಬಿಟ್ಟು ಹೇಳದೆ ಕೇಳದೆ ಇಟ್ಟು ನೋಡಿ. ಪ್ರತಿ ಸಲವೂ ಬಂದು ಹೇಳಿದ್ದಕ್ಕೆ ಶಭಾಷ್ ಅನ್ನಿ. ಬೀರು ತೆಗೆದಿದ್ಯಾಕೆ, ಅಲ್ಲಿಗೆ ಹೋಗಿದ್ಯಾಕೆ ಅಂತ ಮಾತ್ರ ಬಯ್ಯಬೇಡಿ. ಬೈಗುಳ ಬರುತ್ತದೆ ಅಂತ ಗೊತ್ತಾದರೆ ಮುಂದಿನ ಸಲ ಹೇಳುವುದಿಲ್ಲ. ತೋಟ, ಕಾಡಂಚಿನಲ್ಲಿ ಆಡುವ ಮಕ್ಕಳಿಗೆ ಇದೇ ನಿಯಮವನ್ನು ತೋಟೆಗೂ ಸಿಡಿಮದ್ದಿಗೂ ಸೇರಿಸಿ ಹೇಳಿ. ಹಂದಿಗೆಂದು ಕದ್ದು ಇಡುವ ಸಿಡಿಮದ್ದಿನ ಉಂಡೆ ನೋಡಲು ಚೆಂಡಿನಂತಿರುತ್ತದೆ.

9. ಅಮೆರಿಕದಲ್ಲಿರುವ ಕನ್ನಡ ಮನೆಗಳಿಗೆ

ಅಲ್ಲಿ ಪ್ರಶ್ನೆಯ ತೂಕವೇ ಬೇರೆ. ಅಲ್ಲಿ ರಸ್ತೆಯಲ್ಲಿ ಕಾಣುವ ಪೊಲೀಸರ ಸೊಂಟದಲ್ಲೆಲ್ಲ ಪಿಸ್ತೂಲು ಇರುತ್ತದೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ದಾಟಿದ ಹೆಚ್ಚಿನವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಡಲ್ಲಾಸ್‌ನಲ್ಲಿ ತರಕಾರಿ ತರಲು ಹೋದಾಗ ಮುಂದೆ ನಿಂತವರ ಸೊಂಟದಲ್ಲಿ ಅದು ಕಂಡರೆ ಮಗು ಕೇಳದೆ ಇರುತ್ತದೆಯೇ? ಅಲ್ಲೇ ಜೋರಾಗಿ ವಿವರಿಸಬೇಡಿ. "ಈ ಊರಲ್ಲಿ ಕಾನೂನು ಬಿಟ್ಟಿದೆ, ಕೆಲವರು ಇಟ್ಕೊಳ್ತಾರೆ. ನಾವು ಇಟ್ಕೊಳ್ಳಲ್ಲ. ಉಳಿದಿದ್ದು ಕಾರಲ್ಲಿ ಮಾತಾಡೋಣ" ಎಂದು ಕನ್ನಡದಲ್ಲೇ ಮೆಲ್ಲಗೆ ಹೇಳಿ, ಕಾರಿನಲ್ಲಿ ಮರೆಯದೆ ಮಾತಾಡಿ.

2020ರಿಂದ ಅಲ್ಲಿ 1ರಿಂದ 19 ವರ್ಷದವರ ಸಾವಿಗೆ ಬಂದೂಕೇ ಮೊದಲ ಕಾರಣ. ಮೊದಲು ಆ ಜಾಗದಲ್ಲಿ ವಾಹನ ಅಪಘಾತ ಇತ್ತು. ಆದ್ದರಿಂದ ಮಗುವನ್ನು ಸ್ನೇಹಿತರ ಮನೆಗೆ ಆಡಲು ಕಳಿಸುವ ಮುಂಚೆ ಒಂದು ಮಾತು ಕೇಳಲೇಬೇಕು: ನಿಮ್ಮ ಮನೆಯಲ್ಲಿ ಬಂದೂಕು ಇದೆಯಾ, ಇದ್ದರೆ ಖಾಲಿ ಮಾಡಿ ಬೀಗ ಹಾಕಿಟ್ಟಿದ್ದೀರಾ? ನಮ್ಮವರಿಗೆ ಇದು ಮುಜುಗರ. ಹೀಗೆ ಕೇಳಿ ಎಂದು ಹೇಳುವುದು ಅಲ್ಲಿನ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. ನಾಯಿ ಇದೆಯಾ, ಕಡಲೆಕಾಯಿ ಅಲರ್ಜಿ ಇದೆ ಅಂತೆಲ್ಲ ಮಾತಾಡುವಾಗ ಜೊತೆಗೇ ಕೇಳಿಬಿಡಿ. ಉತ್ತರ ಅಡ್ಡಾದಿಡ್ಡಿಯಾಗಿದ್ದರೆ ಆ ಮಗುವನ್ನೇ ನಿಮ್ಮ ಮನೆಗೆ ಕರೆಯಿರಿ.

ಆಟದ ಪಿಸ್ತೂಲನ್ನು ಅಲ್ಲಿ ಮನೆಯಿಂದ ಹೊರಗೆ ಒಯ್ಯಲು ಬಿಡಲೇಬೇಡಿ. 2014ರಲ್ಲಿ ಕ್ಲೀವ್‌ಲ್ಯಾಂಡ್‌ನ ಪಾರ್ಕ್ ಒಂದರಲ್ಲಿ ಆಟಿಕೆ ಹಿಡಿದಿದ್ದ 12 ವರ್ಷದ ಹುಡುಗನಿಗೆ ಪೊಲೀಸರು ಗುಂಡು ಹೊಡೆದರು. ಹುಡುಗ ಉಳಿಯಲಿಲ್ಲ. ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ (ಬಂದೂಕು ಹಿಡಿದವರು ನುಗ್ಗಿದರೆ ಬಾಗಿಲು ಹಾಕಿ ಅಡಗಿಕೊಳ್ಳುವ ಅಭ್ಯಾಸ) ಆದ ದಿನ ಸಂಜೆ "ಇವತ್ತು ಏನು ಮಾಡಿಸಿದ್ರು?" ಅಂತ ನೀವಾಗಿಯೇ ಕೇಳಿ. ಮಗು ಹೇಳುವುದನ್ನು ಕೊನೆಯವರೆಗೂ ಕೇಳಿಸಿಕೊಳ್ಳಿ.

10. ಕೋವಿ ಮನೆಯಲ್ಲಿ ಇರಬಾರದ ಹೊತ್ತು

ಮನೆಯಲ್ಲಿ ಕುಡಿತ ಜಾಸ್ತಿಯಾಗಿದ್ದರೆ, ಗಂಡಹೆಂಡಿರ ಜಗಳ ಕೈ ಎತ್ತುವವರೆಗೆ ಬಂದಿದ್ದರೆ, ಯಾರಾದರೂ ಸಾಲದಿಂದಲೋ ದುಃಖದಿಂದಲೋ ಕುಗ್ಗಿ "ಸಾಕಾಯ್ತು" ಎನ್ನುತ್ತಿದ್ದರೆ, ಹಿರಿಯರಿಗೆ ಮರೆವು ಶುರುವಾಗಿದ್ದರೆ, ಬೀಗವೂ ಸಾಲದು. ಕೋವಿ ಆ ಮನೆಯಿಂದ ಹೊರಗೆ ಹೋಗಬೇಕು. ಪೊಲೀಸ್ ಠಾಣೆಯಲ್ಲಿ ಇಲ್ಲವೇ ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬಹುದು. ಎಲೆಕ್ಷನ್‌ಗೆ ಕೊಟ್ಟು ಬರುವವರಿಗೆ ಇದು ಹೊಸ ಕೆಲಸವಲ್ಲ. ಮನೆತನದ ಮರ್ಯಾದೆ ಅಂತ ಯಾರಾದರೂ ಅಡ್ಡ ಬಂದರೆ ಮನೆಯ ಹೆಂಗಸರು ಗಟ್ಟಿಯಾಗಿ ನಿಲ್ಲಬೇಕು, ಒಕ್ಕದ, ಅಂದರೆ ಕುಲದ ಹಿರಿಯರು ಅವರ ಬೆನ್ನಿಗಿರಬೇಕು.

ಬೀರು ಖಾಲಿಯಾಗಿದ್ದು ಮಗುವಿಗೆ ಗೊತ್ತಾಗುತ್ತದೆ, ಕೋವಿ ಎಲ್ಲಿ ಅಂತ ಕೇಳುತ್ತದೆ. "ಅಜ್ಜನಿಗೆ ಈಗ ನೆನಪು ಸರಿಯಾಗಿ ಉಳಿಯಲ್ಲ ಪುಟ್ಟ. ಕೋವಿ ಇರೋ ಮನೇಲಿ ಎಲ್ಲ ನೆನಪಿಟ್ಕೊಳ್ಳೋರು ಬೇಕು. ಅದಕ್ಕೆ ಸ್ಟೇಷನ್‌ನಲ್ಲಿ ಇಟ್ಟಿದ್ದೀವಿ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ರಸೀದಿಯನ್ನೂ ತೋರಿಸಿ.